ಅಮ್ಮ ಇನ್ನೂ ಇದ್ದಾಳೆ ಸ್ವಾಮೀ...

ಪ್ರತಿ ವರ್ಷ ಮೇ ತಿಂಗಳ ಎರಡನೇ ಭಾನುವಾರ ಹತ್ತಿರ ಬಂತೆಂದರೆ ನನಗೆ ಸಣ್ಣ ಹೆದರಿಕೆ ಶುರುವಾಗುತ್ತದೆ. ನಮ್ಮ ಬ್ಲಾಗುಗಳ ತುಂಬ ಅಮ್ಮಂದಿರು ಸಾಲುಗಟ್ಟಿ ನಿಲ್ಲುವ ದಿನ ಅದು. ಎಲ್ಲ ಬರಹದಲ್ಲೂ ಒಂದು ಹಳೇ ಮನೆ. ಹೆಂಚಿನ ಸಂದಿಯಿಂದ ಇಳಿಯುವ ಬಿಸಿಲುಕೋಲು. ಒಲೆಯ ಹೊಗೆ. ಹಂಡೆಯ ಬಿಸಿನೀರು. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬರುವ ಅಮ್ಮ. ಅಮ್ಮ ಕಾಯುತ್ತಿದ್ದಳು, ಅಮ್ಮ ಬಡಿಸುತ್ತಿದ್ದಳು, ಆ ಕೈತುತ್ತಿನ ರುಚಿ ಈಗೆಲ್ಲಿ... ಓದುತ್ತಾ ಓದುತ್ತಾ ಗಂಟಲು ಕಟ್ಟಿ, ಅಯ್ಯೋ ಪಾಪ, ಹೋಗಿಬಿಟ್ಟರು ಅಂತ ಕಾಣುತ್ತೆ ಎಂದುಕೊಂಡು ಕಾಮೆಂಟು ಹಾಕಲು ಕೆಳಗೆ ಹೋದರೆ, ಬರೆದವರು ಇನ್ಯಾರಿಗೋ ಆಗಲೇ ಉತ್ತರ ಕೊಟ್ಟಿರುತ್ತಾರೆ: "ಅಮ್ಮ ಚೆನ್ನಾಗಿದ್ದಾರೆ, ಊರಲ್ಲೇ ಇದ್ದಾರೆ. ಥ್ಯಾಂಕ್ಸ್ :)"

ಇದ್ದಾರಾ! ಇದ್ದರೆ ಈ ‘ತ್ತಿದ್ದಳು’ಗಳೆಲ್ಲ ಯಾಕೆ ಮಾರಾಯ್ರೇ?

ಇವತ್ತು ನನ್ನ ಜಗಳ ಇದರ ಬಗ್ಗೆಯೇ. ಬದುಕಿರುವ ಅಮ್ಮನನ್ನು ಭೂತಕಾಲದಲ್ಲಿ ಬರೆಯುವ ಚಾಳಿಯ ಬಗ್ಗೆ. ಬೈಸಿಕೊಳ್ಳುವವರು ಬೈಸಿಕೊಳ್ಳಿ, ಬೈಯುವವರಿಗೆ ಕೆಳಗೆ ಜಾಗ ಇದೆ.

ಅಂದಹಾಗೆ, ಈ ಅಮ್ಮಂದಿರ ದಿನವನ್ನು ಅಮೆರಿಕದಲ್ಲಿ ಹುಟ್ಟುಹಾಕಿದ ಆನಾ ಜಾರ್ವಿಸ್‌ಗೂ ಇದೇ ಥರದ ಸಿಟ್ಟಿತ್ತು. 1905ರಲ್ಲಿ ತೀರಿಕೊಂಡ ತನ್ನ ತಾಯಿಯ ನೆನಪಿಗೆ ಆಕೆ 1908ರಲ್ಲಿ ಇದನ್ನು ಶುರುಮಾಡಿದಳು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ಅಧಿಕೃತವಾಗಿ ಘೋಷಿಸಿದರು. ಆಮೇಲೆ ಹೂವಿನ ವ್ಯಾಪಾರದವರು, ಗ್ರೀಟಿಂಗ್ ಕಾರ್ಡಿನವರು, ಮಿಠಾಯಿಯವರು ಬಂದು ಅಂಗಡಿ ಇಟ್ಟರು ನೋಡಿ, ತಾನೇ ಹುಟ್ಟಿಸಿದ ಹಬ್ಬದ ವಿರುದ್ಧ ತಾನೇ ಜಗಳಕ್ಕೆ ನಿಂತಳು. ಅಚ್ಚು ಹಾಕಿಸಿದ ಕಾರ್ಡು ಕಂಡರೆ ಆಕೆಗೆ ಆಗುತ್ತಿರಲಿಲ್ಲ. 1948ರಲ್ಲಿ ಸಾಯುವವರೆಗೂ ಆ ಸಿಟ್ಟು ಇಳಿಯಲಿಲ್ಲ. ನಮ್ಮ ಅಮ್ಮ-ಬರಹಗಳೂ ಈಗ ಅಚ್ಚು ಹಾಕಿಸಿದ ಕಾರ್ಡಿನಂತೆಯೇ ಆಗಿವೆ ಅಂತ ನನ್ನ ಅಭಿಪ್ರಾಯ. ಊರಿನ ಹೆಸರು, ತಿಂಡಿಯ ಹೆಸರು ಬದಲಾಯಿಸಿದರೆ ಯಾರ ಅಮ್ಮನಿಗೆ ಬೇಕಾದರೂ ಹೊಂದುತ್ತವೆ.

ನೆನಪೇ ಬೇಡ ಅನ್ನುತ್ತಿಲ್ಲ ನಾನು. ನನಗೂ ಇದೆ ಒಂದು ಮನೆ. ತೀರ್ಥಹಳ್ಳಿ ಕಡೆ, ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ಮುಂದೆ ಅಂಗಳ, ಹಿಂದೆ ಗುಡ್ಡ, ಕೆಳಗೆ ತೋಟ. ಆಷಾಢದ ಮಳೆಯಲ್ಲಿ ಒಣಗದ ಬಟ್ಟೆಗಳನ್ನು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ನೇತುಹಾಕುತ್ತಿದ್ದಳು ಅಮ್ಮ. ನಮ್ಮ ಸ್ಕೂಲು ಯೂನಿಫಾರ್ಮಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಹೊಗೆಯ ವಾಸನೆ. ಕ್ಲಾಸಿನಲ್ಲಿ ಎಲ್ಲರದ್ದೂ ಅದೇ ವಾಸನೆಯಾದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುವವರ ಸಾಲು, ಮೆಟ್ಟುಗತ್ತಿಯ ಟಕ್ ಟಕ್ ಸದ್ದು, ಅವರು ಹೇಳುವ ದೆವ್ವದ ಕತೆಗಳು. ನಾನು ಗೋಣಿಚೀಲದ ಮೇಲೆ ಅಲ್ಲೇ ನಿದ್ದೆ ಹೋಗುತ್ತಿದ್ದೆ, ಬೆಳಿಗ್ಗೆ ಏಳುವಾಗ ಮಾತ್ರ ಹಾಸಿಗೆಯಲ್ಲಿರುತ್ತಿದ್ದೆ. ಯಾರು ಎತ್ತಿಕೊಂಡು ಹೋಗುತ್ತಿದ್ದರು ಅಂತ ಬೇರೆ ಹೇಳಬೇಕಾ?

ಆ ಮನೆ ನನಗೂ ಬೆಚ್ಚಗೇ ಇತ್ತು. ಆದರೆ ‘ಪ್ರೀತಿ ತುಂಬಿದ ಮನೆ’ ಅಂತ ಬರೆಯುವಾಗ ತುಂಬಿದವರು ಯಾರು, ಎಷ್ಟು ಹೊತ್ತಿಗೆ ಎದ್ದು ತುಂಬಿದರು ಅಂತಲೂ ಲೆಕ್ಕ ಹಾಕಬೇಕಲ್ಲ? ಸುಲಿಯುವವರು ಹನ್ನೊಂದು ಗಂಟೆಗೆ ಎದ್ದು ಹೋದಮೇಲೆ ಜಗಲಿ ಗುಡಿಸಿ ಮಲಗಿದ ಹೆಂಗಸು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೊಟ್ಟಿಗೆಗೆ ಹೋಗಬೇಕಿತ್ತು. ಹನ್ನೆರಡು ಆಳಿಗೆ ತಿಂಡಿ, ಆಮೇಲೆ ಊಟ, ನಡುವೆ ಎರಡು ಸಲ ಚಾ. ಬೇಯಿಸಿದ ಅಡಿಕೆ ಅಂಗಳದಲ್ಲಿ ಹರವಬೇಕು, ಮೋಡ ಕಂಡರೆ ಓಡಿಹೋಗಿ ಬಳಿಯಬೇಕು. ಅತ್ತೆಗೆ ಪಥ್ಯ ಬೇರೆ. ನಮಗೆ ‘ಹಂಡೆಯ ಬಿಸಿನೀರಿನ ಸುಖ’ ಆಗಿ ನೆನಪಿರುವುದು ಅವಳಿಗೆ ಮಳೆಗಾಲಕ್ಕೆ ಮುಂಚೆ ಹೊತ್ತು ತಂದು ಒಟ್ಟಿದ ಕಟ್ಟಿಗೆ, ಸೋಗೆ, ಮತ್ತು ಸೊಂಟನೋವು.

ಹಳೇ ಕಾಲದ ಮಾತು ಅಂತ ತಳ್ಳಿಹಾಕಬೇಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವ ಹೊತ್ತು 289 ನಿಮಿಷ ಅಂತಿದೆ. ಗಂಡಸರದ್ದು 88. ಅದೂ ಮನೆಗೆಲಸ ಅಂತ ಒಂದಿಷ್ಟಾದರೂ ಮಾಡುವ ಗಂಡಸರದ್ದು ಮಾತ್ರ, ಏನೂ ಮಾಡದ ಮಹಾನುಭಾವರನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ.

ಸರಿ, ಈಗ ನಮ್ಮ ಮನೆಯ ಕಮೋಡ್ ಪುರಾಣ ಕೇಳಿ. (ಊಟ ಮಾಡುತ್ತಾ ಓದುತ್ತಿರುವವರು ಕ್ಷಮಿಸಿ.)

ಅಮ್ಮನಿಗೆ ಈಗ 76. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ಅಣ್ಣ ಬೆಂಗಳೂರು, ತಮ್ಮ ಅಮೆರಿಕ, ನಾನು ಕೊಟ್ಟ ಹೆಣ್ಣು. ಅಮ್ಮ ಒಬ್ಬಳೇ ಆ ಮನೆಯಲ್ಲಿದ್ದಾಳೆ. ಮಂಡಿ ಎರಡೂ ಹೋಗಿವೆ. ಪಾಯಿಖಾನೆ ಇದ್ದದ್ದು ಕೊಟ್ಟಿಗೆಯ ಆಚೆ, ಕುಕ್ಕರಗಾಲಲ್ಲಿ ಕೂರುವಂಥದ್ದು. ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲಿನ ಮೇಲೆ, ಒಂದು ಕೈಲಿ ಟಾರ್ಚು, ಒಂದು ಕೈಲಿ ಕೊಡೆ ಹಿಡಿದು ಹೋಗಬೇಕು. ಬೀಳದಂತೆ ಹಿಡಿದುಕೊಳ್ಳಲು ಮೂರನೇ ಕೈ ಇಲ್ಲ. ಹಾಗಾಗಿ ಅವಳು ಕೇಳಿದ್ದು ಒಂದೇ: ಮಲಗುವ ಕೋಣೆಯ ಪಕ್ಕದಲ್ಲಿ ಪಾತ್ರೆ ಪಗಡ ಇಡುವ ಸಣ್ಣ ಕತ್ತಲೆ ಕೋಣೆ ಇದೆಯಲ್ಲ, ಅದನ್ನು ಬಚ್ಚಲು ಮಾಡಿ ಒಂದು ಕಮೋಡ್ ಕೂರಿಸಿ.

ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬಂದ ಉತ್ತರ ತಮ್ಮನದ್ದು. ಆ ಕೋಣೆಯ ಗೋಡೆ ಒಡೆದರೆ ಹಳೇ ಮನೆಯ ಸೊಗಸೇ ಹೋಗುತ್ತದಂತೆ. ಆ ಮರದ ಬಾಗಿಲು, ಆ ಮಣ್ಣಿನ ಗೋಡೆ, ಅಂಥದ್ದು ಈಗ ಕಟ್ಟಿಸುತ್ತೇನೆಂದರೂ ಸಿಗದಂತೆ. ಅಣ್ಣ ಅದಕ್ಕೊಂದು ಹೆಬ್ಬೆರಳು ಒತ್ತಿದ. ಅವನ ಫ್ಲ್ಯಾಟಿನಲ್ಲಿ ಮೂರು ಕಮೋಡು, ತಮ್ಮನ ಮನೆಯಲ್ಲಿ ಎರಡೂವರೆಯೋ ಏನೋ ಲೆಕ್ಕ. ಮಕ್ಕಳಿಗೆ ಆಳಿಗೊಂದು ಕಮೋಡು, ಅಮ್ಮನಿಗೆ ಮಾತ್ರ ಪರಂಪರೆ!

ಅಮ್ಮನಿಗೆ ನಾನು ಫೋನಿನಲ್ಲಿ ಇದನ್ನು ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಸೊಗಸು ನೋಡಕ್ಕೆ ಅವರು ವರ್ಷಕ್ಕೆ ಎರಡು ಸಲ ಬರ್ತಾರೆ ಮಾರಾಯ್ತಿ. ನಂಗೆ ರಾತ್ರಿಗೆ ಎರಡು ಸಲ ಏಳ್ಬೇಕು."

ದುಡ್ಡು ನಾನು ಕೊಡುತ್ತೇನೆ ಅಂದೆ. ಕೊಟ್ಟ ಹೆಣ್ಣಿನ ದುಡ್ಡಲ್ಲಿ ಕಕ್ಕಸು ಕಟ್ಟಿಸಿದಳು ಅಂತ ಊರವರ ಬಾಯಿಗೆ ಬೀಳಲಾರೆ ಅಂದಳು. ತೋಟದ ಅಡಿಕೆಯ ದುಡ್ಡಿದೆಯಲ್ಲ ಅಂತೀರಾ? ಅಡಿಕೆ ಕೊಯ್ಲು ನಿಂತು ಮಾಡಿಸುವವಳು ಅವಳು, ಬೇಯಿಸಿ ಒಣಗಿಸುವುದು ಅವಳ ಉಸ್ತುವಾರಿ, ಆದರೆ ಮಂಡಿಯ ಖಾತೆ ಅಣ್ಣನ ಹೆಸರಲ್ಲಿ. ಚೀಲಗಳು ಹೋದಮೇಲೆ ದುಡ್ಡು ಬೆಂಗಳೂರಿಗೆ ಹೋಗುತ್ತದೆ. ಅಲ್ಲಿಂದ ‘ಖರ್ಚಿಗೆ’ ಅಂತ ತಿಂಗಳಿಗೆ ಇಷ್ಟು ವಾಪಸ್ ಬರುತ್ತದೆ. ತನ್ನ ದುಡ್ಡನ್ನೇ ಮಗನ ಹತ್ತಿರ ಕೇಳಿ ಇಸಿದುಕೊಳ್ಳುವ ಯಜಮಾನ್ತಿ!

ಕೊನೆಗೆ ಆ ಕಮೋಡ್ ಬಂದದ್ದು ಗೃಹಲಕ್ಷ್ಮಿ ದುಡ್ಡಲ್ಲಿ. 2023ರ ಆಗಸ್ಟಿನಲ್ಲಿ ಶುರುವಾದ ಯೋಜನೆ, ರೇಷನ್ ಕಾರ್ಡಿನ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ, ಎಪಿಎಲ್ ಕಾರ್ಡಿನವರಿಗೂ ಉಂಟು. ಕಂತು ಬಂದಾಗ ಬಂತು, ತಡವಾದಾಗ ತಡವಾಯಿತು, ಅವಳು ಮುಟ್ಟದೇ ಇಟ್ಟಳು. ಬಿಟ್ಟಿ ಭಾಗ್ಯ ಅಂತ ನಮ್ಮ ಬ್ಲಾಗಿಗರಲ್ಲೇ ಎಷ್ಟೋ ಜನ ಗೇಲಿ ಮಾಡಿ ಬರೆದಿದ್ದೀರಿ, ಅದು ಬೇರೆ ಚರ್ಚೆ, ನಾನು ಇಲ್ಲಿ ಸರ್ಕಾರದ ವಕಾಲತ್ತು ವಹಿಸಲು ಬಂದಿಲ್ಲ. (ಶಕ್ತಿ ಯೋಜನೆಯ ಫ್ರೀ ಬಸ್ಸು ನಮ್ಮಮ್ಮನಿಗೆ ದಕ್ಕಿದ್ದು ಅಷ್ಟಕ್ಕಷ್ಟೇ. ನಮ್ಮೂರ ದಾರಿಯಲ್ಲಿ ಓಡುವುದೆಲ್ಲ ಪ್ರೈವೇಟ್ ಬಸ್ಸು.) ಆದರೆ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ, ತನ್ನ ಹೆಸರಿನ ಪಾಸ್‌ಬುಕ್ಕಿಗೆ ಬಂದ ದುಡ್ಡು 70 ವರ್ಷ ದಾಟಿದ ಮೇಲೆ ಅವಳಿಗೆ ಮೊದಲ ಸಲ ಸಿಕ್ಕಿದ್ದು ಹಾಗೆ. ಗಾರೆಯವನನ್ನು ಅವಳೇ ಕರೆಸಿದಳು. ಗೋಡೆ ಒಡೆಸಿದಳು. ಹಿಡಿದುಕೊಳ್ಳಲು ಸ್ಟೀಲಿನ ಸರಳು ಹಾಕಿಸಿದಳು. ಹೋದ ದೀಪಾವಳಿಗೆ ಊರಿಗೆ ಬಂದ ಸುಪುತ್ರರಿಬ್ಬರೂ ಬ್ಯಾಗು ಇಟ್ಟು ಮೊದಲು ಹೊಕ್ಕಿದ್ದು ಅಲ್ಲಿಗೇ :)

ಇದನ್ನು ಇಷ್ಟುದ್ದ ಯಾಕೆ ಬರೆದೆ ಅಂದರೆ, ಆ ‘ಸೊಗಸು’ ಇದೆಯಲ್ಲ, ನಾವು ಬರೆಯುವ ನೆನಪಿನ ಬರಹಗಳಲ್ಲಿ ಇರುವುದೂ ಅದೇ. ನಮ್ಮ ಬಾಲ್ಯ ಕೆಡದಂತೆ ಉಪ್ಪಿನಕಾಯಿ ಜಾಡಿಯಲ್ಲಿಟ್ಟಂತೆ ಇರಬೇಕು. ಆ ಜಾಡಿ ಕಾಯಲು ಒಬ್ಬಳು ಅಮ್ಮ ಬೇಕು. ಅವಳು ಗ್ಯಾಸು ಹಚ್ಚಿದರೆ ‘ಒಲೆಯ ರುಚಿ ಹೋಯ್ತು’. ಮಿಕ್ಸಿ ತಂದರೆ ‘ಒರಳಿನ ಚಟ್ನಿಯೇ ಬೇರೆ’. ದನ ಮಾರಿದರೆ ‘ಅಯ್ಯೋ, ಕೊಟ್ಟಿಗೆ ಖಾಲಿ ನೋಡಿ ಕಣ್ಣು ತುಂಬಿ ಬಂತು’. ನಿಮ್ಮ ಕಣ್ಣು ತುಂಬಿ ಬಂದದ್ದು ಸರಿಯೇ. ಸಗಣಿ ಬಾಚುವ ಸೊಂಟ ಯಾರದ್ದು?

ಇನ್ನು ‘ಅಮ್ಮನ ಮನೆ’ ಎಂಬ ಮಾತಿಗೆ ಬರೋಣ. ಎಷ್ಟು ಚೆಂದದ ಮಾತು! ಅಪ್ಪ ಬದುಕಿದ್ದಾಗಲೂ ನಾವು ಹಾಗೇ ಅನ್ನುವುದು. ಹಾಗಿದ್ದರೆ ಒಂದು ಕೆಲಸ ಮಾಡಿ. ಭೂಮಿ ತಂತ್ರಾಂಶದ ವೆಬ್‌ಸೈಟಿಗೆ ಹೋಗಿ ಸರ್ವೆ ನಂಬರ್ ಹಾಕಿ ಪಹಣಿ ತೆಗೆದು ನೋಡಿ. ಅಮ್ಮನ ಹೆಸರು ಎಲ್ಲಿದೆ? ನಮ್ಮದರಲ್ಲಿ ಇವತ್ತಿಗೂ ತೀರಿಹೋದ ಅಪ್ಪನ ಹೆಸರೇ ಇದೆ. ಯಾಕೆಂದರೆ ಪೌತಿ ಖಾತೆ ಮಾಡಿಸುವಾಗ ಅಣ್ಣ ತಯಾರು ಮಾಡಿಸಿಕೊಂಡು ಬಂದ ಕಾಗದಗಳಲ್ಲಿ ನನಗೂ ಅಮ್ಮನಿಗೂ ಒಂದೊಂದು ಹಕ್ಕು ಬಿಡುಗಡೆ ಪತ್ರವೂ ಇತ್ತು. "ನಿಂಗೆಂತಕ್ಕಮ್ಮ ಆಫೀಸು ತಿರುಗೋ ತಾಪತ್ರಯ, ನಾವಿಲ್ವಾ" ಅಂತ ಪ್ರೀತಿಯಿಂದಲೇ ಅಂದ. ಅಮ್ಮ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು. ಅಮ್ಮನ ಹೆಸರು ಮೊದಲು ಬರಲಿ, ಆಮೇಲೆ ಉಳಿದ ಮಾತು ಅಂತ ನಾನು ಅಂದೆ. ಆ ದಿನದಿಂದ ಕಡತ ಅಲ್ಲೇ ನಿಂತಿದೆ. ಅಣ್ಣ ನನ್ನ ಜತೆ ಮಾತು ಬಿಟ್ಟು ಆರು ತಿಂಗಳಾಗಿತ್ತು, ನಡುವೆ ಅವನ ಮಗಳ ಆರತಿ ಸಮಾರಂಭಕ್ಕೆ ಅರ್ಧಂಬರ್ಧ ಸರಿಹೋಯಿತು.

"ನಿಂಗೆ ಪಾಲು ಬೇಕು ಅಂತ ನೇರ ಹೇಳು" ಅಂದರು ಬಳಗದವರು. ಹೇಳುತ್ತೇನೆ ಕೇಳಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡ ವಿಲ್ ಬರೆಯದೆ ತೀರಿಕೊಂಡರೆ ಅವನ ಪಾಲಿನ ಆಸ್ತಿಯಲ್ಲಿ ಹೆಂಡತಿಗೂ ಮಕ್ಕಳಷ್ಟೇ ಪಾಲು ಇದೆ. ಇದು ನಿನ್ನೆ ಮೊನ್ನೆ ಬಂದದ್ದಲ್ಲ, ನಮ್ಮಮ್ಮ ಶಾಲೆಗೆ ಹೋಗುತ್ತಿದ್ದಾಗಲೇ ಬಂದದ್ದು. ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಅದರಲ್ಲಿ ಆಗಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಬಿಡಿಸಿ ಹೇಳಿತು. ನನ್ನ ಪಾಲಿನ ಕತೆ ನಾನು ನೋಡಿಕೊಳ್ಳುತ್ತೇನೆ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟು ಸೈನ್ ಹಾಕಿಸಿಕೊಳ್ಳುವ ಪದ್ಧತಿಯ ಬಗ್ಗೆ ಬೇರೆಯೇ ಬರೆಯಬೇಕು. ಇವತ್ತಿನ ಮಾತು ಅಮ್ಮನದ್ದು. ರೇಷನ್ ಕಾರ್ಡಿನಲ್ಲಿ ಅವಳು ಯಜಮಾನಿ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸೇ ಕಾರ್ಡಿಗೆ ಯಜಮಾನಿ ಅಂದಿತು. ಅಕ್ಕಿಗೆ ಯಜಮಾನಿ, ಆ ಅಕ್ಕಿ ಬೇಯುವ ಮನೆಗೆ ಯಾರೂ ಅಲ್ಲ!

ಕಾಗದ ಪತ್ರ ಅಂದರೆ ಮೂಗು ಮುರಿಯುವ ಭಾವಜೀವಿಗಳಿಗೆ ಇನ್ನೊಂದು ಮಾತು. 2007ರಲ್ಲಿ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆ ಬಂತು. ಆಸ್ತಿಯನ್ನು ಮಕ್ಕಳಿಗೆ ದಾನಪತ್ರ ಮಾಡಿಕೊಡುವಾಗ ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತು ಇದ್ದು, ಮಕ್ಕಳು ನೋಡಿಕೊಳ್ಳದೇ ಹೋದರೆ, ಅದರ 23ನೇ ಕಲಮಿನ ಪ್ರಕಾರ ಆ ದಾನವನ್ನೇ ರದ್ದು ಮಾಡಿಸಬಹುದು. ನಮ್ಮಲ್ಲಿ ಅದರ ಅರ್ಜಿ ಉಪವಿಭಾಗಾಧಿಕಾರಿಗಳ ಮುಂದೆ ಹೋಗುತ್ತದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮಧ್ಯಪ್ರದೇಶದ ಒಬ್ಬ ತಾಯಿ ಮಗನಿಗೆ ಮಾಡಿಕೊಟ್ಟಿದ್ದ ದಾನಪತ್ರವನ್ನು ಹೀಗೆಯೇ ರದ್ದು ಮಾಡಿ ಆಸ್ತಿ ವಾಪಸ್ ಕೊಡಿಸಿತು. ಆದರೆ ಷರತ್ತು ಕಾಗದದಲ್ಲಿ ಇರಬೇಕು ಸ್ವಾಮೀ. ‘ನನ್ನ ಮಗ ನನ್ನನ್ನು ನೋಡಿಕೊಳ್ಳದೇ ಇರುತ್ತಾನಾ’ ಎಂಬ ನಂಬಿಕೆಯಿಂದ ಷರತ್ತೇ ಬರೆಸದೆ ಸೈನ್ ಹಾಕುವ ಅಮ್ಮಂದಿರೇ ಹೆಚ್ಚು. ಯಾರಾದರೂ ನಿಮ್ಮ ಕಡೆ ದಾನಪತ್ರ ಮಾಡಿಸುತ್ತಿದ್ದರೆ, ಆ ಒಂದು ಸಾಲು ಬರೆಸಿ. ಅಮ್ಮನ ಬಗ್ಗೆ ಬರೆಯುವ ಸಾಲುಗಳಲ್ಲಿ ಅದೂ ಒಂದು ಅಂದುಕೊಳ್ಳಿ.

ಮನೆ ಹಿಸ್ಸೆಯಾದರೆ ಅಮ್ಮನೂ ಹಿಸ್ಸೆಯಾಗುತ್ತಾಳೆ, ಅದನ್ನು ನಾವೆಲ್ಲ ನೋಡಿದ್ದೇವೆ. ಆರು ತಿಂಗಳು ದೊಡ್ಡವನ ಮನೆ, ಆರು ತಿಂಗಳು ಚಿಕ್ಕವನ ಮನೆ. 2007ರಲ್ಲಿ ವಿಷ್ಣುವರ್ಧನ್-ಜಯಪ್ರದಾ ‘ಈ ಬಂಧನ’ದಲ್ಲಿ ಹಾಗೆ ಹಂಚಿಹೋದಾಗ ಥಿಯೇಟರಿನಲ್ಲಿ ಕರ್ಚೀಫು ಒದ್ದೆ ಮಾಡಿಕೊಂಡವರು, ಮನೆಗೆ ಬಂದು ‘ಈ ಸಲ ಅಮ್ಮನ ಸರದಿ ಯಾರದ್ದು’ ಅಂತ ಕ್ಯಾಲೆಂಡರ್ ನೋಡಿದರು. ಅಮೆರಿಕಕ್ಕೆ ಕರೆಸಿಕೊಳ್ಳುವವರದ್ದು ಇನ್ನೊಂದು ಥರ. ಹೆರಿಗೆಯ ಹೊತ್ತಿಗೆ ಸರಿಯಾಗಿ ವೀಸಾ ಆಗುತ್ತದೆ. ಬಾಣಂತನ ಮುಗಿದು, ಕೂಸು ಬೋರಲು ಬೀಳುವ ಹೊತ್ತಿಗೆ ಟಿಕೆಟ್ ವಾಪಸ್. ಅಲ್ಲಿಯೂ ಮೊಮ್ಮಕ್ಕಳಿಗೆ ‘ಅಜ್ಜಿಯ ಕೈರುಚಿ’ ಸಿಗಬೇಕಲ್ಲ!

ಕೈರುಚಿಯ ಮಾತು ಬಂತು. ಈಗ ಒಂದು ಹೊಸ ಉಪದೇಶ ಓಡಾಡುತ್ತಿದೆ: ಅಮ್ಮ ಇರುವಾಗಲೇ ಅಡುಗೆಗಳನ್ನೆಲ್ಲ ಬರೆದಿಟ್ಟುಕೊಳ್ಳಿ, ವಿಡಿಯೋ ಮಾಡಿಟ್ಟುಕೊಳ್ಳಿ, ಆಮೇಲೆ ಸಿಗುವುದಿಲ್ಲ. ಪತ್ರೊಡೆಗೆ ಎಷ್ಟು ಹುಣಸೆ, ಕಳಲೆ ಎಷ್ಟು ದಿನ ನೀರಲ್ಲಿಡಬೇಕು, ಮಿಡಿ ಉಪ್ಪಿನಕಾಯಿಗೆ ಉಪ್ಪು ಯಾವ ಅಳತೆ. ತಪ್ಪೇನಿಲ್ಲ, ಬರೆದಿಟ್ಟುಕೊಳ್ಳಿ. ಆದರೆ ಹುಳಿತು ಹೋಗುವ ಮುಂಚೆ ಪಾತ್ರೆ ಖಾಲಿ ಮಾಡಿಕೊಳ್ಳುವವರ ಅವಸರ ಅದರಲ್ಲಿ ನನಗೆ ಕಾಣುತ್ತದೆ. ಅವಳಿಗೆ ಏನು ಇಷ್ಟ ಅಂತ ಎಲ್ಲಾದರೂ ಬರೆದಿದ್ದೀರಾ? ಇಷ್ಟು ವರ್ಷಗಳಿಂದ ಕನ್ನಡ ಬ್ಲಾಗುಗಳನ್ನು ಓದುತ್ತಿದ್ದೇನೆ, ಅಮ್ಮ ಮಾಡುವ ತಿಂಡಿಗಳ ಪಟ್ಟಿ ನನ್ನ ಬಾಯಲ್ಲಿದೆ. ಅಮ್ಮ ತಿನ್ನುವ ತಿಂಡಿಯ ಬಗ್ಗೆ ಬರೆದವರನ್ನು ಬೆರಳಲ್ಲಿ ಎಣಿಸಬಹುದು. ನಮ್ಮಮ್ಮನಿಗೆ ಇಷ್ಟ ಪೇಟೆಯ ಮಸಾಲೆದೋಸೆ. ಮನೆಯ ನೀರುದೋಸೆ, ಕಡುಬು, ಅಕ್ಕಿರೊಟ್ಟಿ ಮಾಡಿ ಮಾಡಿ ಸಾಕಾಗಿದೆ ಅಂತಾಳೆ. ಬೇರೆ ಯಾರೋ ಮಾಡಿ, ಕೂತಲ್ಲಿಗೆ ತಂದು, ಬಿಸಿ ಇರುವಾಗಲೇ ಎದುರಿಗಿಟ್ಟರೆ ಅದಕ್ಕಿಂತ ರುಚಿ ಇಲ್ಲವಂತೆ.

ಇನ್ನು ಹೆಸರಿನ ವಿಷಯ. ಅವಳಿಗೆ ಎರಡು ಹೆಸರು. ತವರಲ್ಲಿ ಇಟ್ಟದ್ದು ಒಂದು. ಮದುವೆಯ ದಿನ ನಮ್ಮಪ್ಪನ ಮನೆಯವರು ಅಕ್ಕಿಯ ಮೇಲೆ ಬರೆಸಿದ್ದು ಇನ್ನೊಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊದಲನೆಯದು, ರೇಷನ್ ಕಾರ್ಡಿನಲ್ಲಿ ಎರಡನೆಯದು, ಹಳೇ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಎರಡನ್ನೂ ಸೇರಿಸಿ ಗುಮಾಸ್ತ ಬರೆದ ಮೂರನೆಯದು. ಆ ಗೃಹಲಕ್ಷ್ಮಿ ಅರ್ಜಿಗೆ ಅವಳು ನಾಲ್ಕು ಸಲ ಪೇಟೆಗೆ ಅಲೆದದ್ದು ಇದಕ್ಕೇ. ಎದುರಿಗೆ ಕೂತ ಹುಡುಗ "ಅಜ್ಜೀ, ಇವರಲ್ಲಿ ನೀವ್ಯಾರು?" ಅಂತ ಕೇಳಿದನಂತೆ. ಅವನು ಕೇಳಿದ್ದು ಆಧಾರ್ ಜೋಡಣೆಗೆ, ಪಾಪ. ಆ ಪ್ರಶ್ನೆಯನ್ನು ಮಕ್ಕಳು ಕೇಳಿದ್ದೇವಾ?

ಕೇಳಿದರೆ ಏನೇನು ಸಿಗುತ್ತದೆ ಗೊತ್ತಾ! ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ ಟೀಚರ್ ಟ್ರೈನಿಂಗ್ ಅರ್ಜಿ ತುಂಬಿದ್ದಳು, ಅಷ್ಟರಲ್ಲಿ ಜಾತಕ ಬಂತು. ತ್ರಿವೇಣಿ, ಎಂ. ಕೆ. ಇಂದಿರಾ ಕಾದಂಬರಿಗಳನ್ನು ಅತ್ತೆಗೆ ಕಾಣದಂತೆ ಅಕ್ಕಿಡಬ್ಬದಲ್ಲಿ ಹುಗಿದಿಟ್ಟು, ಭತ್ತ ಒಣಗಿಸುವ ನೆಪದಲ್ಲಿ ಅಂಗಳದಲ್ಲಿ ಕೂತು ಓದುತ್ತಿದ್ದಳು. ಕಾಗೆ ಬಂದು ಭತ್ತ ತಿಂದುಹೋಗಿ ಬೈಸಿಕೊಂಡದ್ದನ್ನು ನೆನೆದು ಈಗಲೂ ನಗುತ್ತಾಳೆ. ಒಂದು ಸಲ ಜಗಳವಾಡಿ ತವರಿಗೆ ಹೊರಟವಳು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಎರಡು ಗಂಟೆ ಕೂತು ವಾಪಸ್ ಬಂದಿದ್ದಳಂತೆ. ಯಾಕೆ ಅಂತ ಕೇಳಿದೆ. "ಬಸ್ ಬಂತು. ಹತ್ತಲಿಲ್ಲ" ಅಂದಳು, ಮುಂದೆ ಹೇಳಲಿಲ್ಲ. ಆ ಎರಡು ಗಂಟೆ ನನ್ನ ಅಡಿಕೆ ಸುಲಿತದ ರಾತ್ರಿಗಳಿಗಿಂತ ಹೆಚ್ಚು ಕಾಡುತ್ತದೆ ನನಗೆ. ನಮ್ಮ ‘ಪ್ರೀತಿ ತುಂಬಿದ ಮನೆ’ ಅವತ್ತು ಆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿತ್ತು.

ಇಂದಿರಾ ಹೆಸರು ಬಂತಲ್ಲ, ನಮ್ಮ ತೀರ್ಥಹಳ್ಳಿಯವರೇ ಅವರು, ಕಾದಂಬರಿ ಬರೆಯಲು ಶುರುಮಾಡಿದ್ದೇ ನಲವತ್ತು ದಾಟಿದ ಮೇಲೆ. 1976ರ ‘ಫಣಿಯಮ್ಮ’ ತಮ್ಮ ಮನೆತನದಲ್ಲೇ ಬದುಕಿದ್ದ ಒಬ್ಬ ಬಾಲವಿಧವೆಯ ಕತೆ. ಆ ದೊಡ್ಡ ಮನೆಯಲ್ಲೂ ಅಡುಗೆಯಿದೆ, ಹಬ್ಬವಿದೆ, ಬಾಣಂತನಗಳಿವೆ, ನಮ್ಮ ಬ್ಲಾಗುಗಳಲ್ಲಿ ಇರುವುದೆಲ್ಲ ಇದೆ. ಆದರೆ ಆ ಮುದುಕಿ ಏನನ್ನು ನೋಡಿದಳು, ನೋಡಿ ಏನು ಯೋಚಿಸಿದಳು ಅಂತ ಇಂದಿರಾ ಕೇಳಿಸಿಕೊಂಡು ಬರೆದರು. ಅಜ್ಜಿಯ ಸೀರೆಯ ಕರ್ಪೂರದ ವಾಸನೆ ಬರೆದು ಕೈ ತೊಳೆದುಕೊಳ್ಳಲಿಲ್ಲ.

ಈಗ ಬರುವ ಆಕ್ಷೇಪ ನನಗೆ ಗೊತ್ತು. "ಏನ್ರೀ ಮಾಡೋದು, ಕರೆದರೆ ಅಮ್ಮನೇ ಬರಲ್ಲ ಅಂತಾಳೆ." ಹೌದು, ಬರುವುದಿಲ್ಲ. ನಮ್ಮಮ್ಮನೂ ಬರುವುದಿಲ್ಲ. ಬೆಂಗಳೂರಿನ ಏಳನೇ ಮಹಡಿಯಲ್ಲಿ, ಯಾರದ್ದೋ ಅಡುಗೆಮನೆಯಲ್ಲಿ, ಸೊಸೆ ಬರುವವರೆಗೆ ಟಿವಿ ರಿಮೋಟು ಹುಡುಕುತ್ತಾ ಕೂರುವುದಕ್ಕಿಂತ ತಾನು ನೆಟ್ಟ ಗಿಡಗಳ ನಡುವೆ ಇರುವುದೇ ಮೇಲು ಅನ್ನುವುದು ಅವಳ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇದೆ. ನೌಕರಿ ಬಿಟ್ಟು ಎಲ್ಲರೂ ಊರಿಗೆ ಹೋಗಿ ಅಂತ ನಾನು ಹೇಳಲಾರೆ, ನಾನೂ ಹೋಗಿಲ್ಲ. ಅವಳು ಅಲ್ಲೇ ಇರುತ್ತಾಳೆ ಅಂದಮೇಲೆ ಆ ಮನೆ ಯಾರಿಗೆ ತಕ್ಕಂತೆ ಇರಬೇಕು ಅನ್ನುವುದಷ್ಟೇ ಪ್ರಶ್ನೆ. ವರ್ಷಕ್ಕೆ ಎರಡು ಸಲ ಬಂದು ಜಗಲಿಯ ಫೋಟೋ ತೆಗೆಯುವವರಿಗೋ, ಮುನ್ನೂರ ಅರವತ್ತು ದಿನ ಅಲ್ಲಿ ಮಂಡಿ ಹಿಡಿದುಕೊಂಡು ಓಡಾಡುವವಳಿಗೋ? ಬಾಗಿಲಿನ ಹೊಸ್ತಿಲು ಒಂದಡಿ ಎತ್ತರ ಇದೆಯಾ, ಕೊಯ್ಯಿಸಿ. ಕರೆಂಟು ಹೋದರೆ ಉರಿಯುವ ದೀಪ ಹಾಕಿಸಿ. ರಾತ್ರಿ ಜತೆಗೆ ಮಲಗಲು ಒಬ್ಬರನ್ನು ಗೊತ್ತು ಮಾಡಿ, ಅವರಿಗೆ ಮರ್ಯಾದೆಯ ಸಂಬಳ ಕೊಡಿ. ಅಡಿಕೆಯ ದುಡ್ಡು ಅಮ್ಮನ ಖಾತೆಗೆ ಹೋಗಲಿ, ಖರ್ಚಿಗೆ ಬೇಕಾದರೆ ನೀವು ಅವಳನ್ನು ಕೇಳಿ :)

ನಮ್ಮ ಮನೆಯಲ್ಲಿ ಈಗಿನ ಹೊಸ ಯೋಜನೆ ಏನು ಗೊತ್ತಾ? ಹೋಂಸ್ಟೇ! ತಮ್ಮ ಈ ಸಲ ಬಂದಾಗ ಜಗಲಿ ಅಳತೆ ಮಾಡಿಕೊಂಡು ಹೋಗಿದ್ದಾನೆ. ಮಲೆನಾಡಿನ ಅಪ್ಪಟ ಮನೆ, ಹಂಡೆ ಸ್ನಾನ, ಒಲೆಯ ಅಡುಗೆ, ‘ಅಮ್ಮನ ಕೈರುಚಿ’. ಅಂದರೆ ಬೆಂಗಳೂರಿನಿಂದ ಬರುವ ಅಪರಿಚಿತರಿಗೆ ನಮ್ಮ ನೆನಪನ್ನು ಬಾಡಿಗೆಗೆ ಕೊಡುವುದು, ಬಡಿಸುವುದಕ್ಕೆ 76ರ ಅಮ್ಮ. ಅಮ್ಮನಿಗೆ ಹೇಳಿದರೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ದುಡ್ಡು ಯಾರ ಖಾತೆಗೆ ಬರ್ತದೆ?" ಅವನು ಇನ್ನೂ ಉತ್ತರ ಕೊಟ್ಟಿಲ್ಲ. ಉತ್ತರ ಬರುವವರೆಗೆ ನಾನೂ ಆ ಕಾಗದಕ್ಕೆ ಸೈನ್ ಹಾಕುವುದಿಲ್ಲ, ಅಣ್ಣ ಮತ್ತೆ ಮಾತು ಬಿಟ್ಟರೂ ಅಡ್ಡಿಯಿಲ್ಲ. ಅಣ್ಣಾ, ಇದನ್ನು ಓದುತ್ತಿದ್ದೀಯ ಅಂತ ಗೊತ್ತು, ಸುಮ್ಮನೆ ಗುಂಪಿನಲ್ಲಿ ಹೆಬ್ಬೆರಳು ಒತ್ತಬೇಡ, ಫೋನ್ ಮಾಡು. ನನಗಲ್ಲ, ಅಮ್ಮನಿಗೆ.

ಬ್ಲಾಗಿಗ ಮಿತ್ರರೇ, ಇಲ್ಲಿ ‘ಕಣ್ಣು ತುಂಬಿ ಬಂತು’ ಅಂತ ಕಾಮೆಂಟು ಹಾಕಬೇಡಿ ದಯವಿಟ್ಟು. ನಿನ್ನೆ ರಾತ್ರಿ ನಿಮ್ಮಮ್ಮ ಏನು ಊಟ ಮಾಡಿದರು ಅಂತ ಗೊತ್ತಿದ್ದರೆ ಬರೆಯಿರಿ. ನಿಮಗೆ ಚಿಕ್ಕಂದಿನಲ್ಲಿ ಬಡಿಸಿದ್ದಲ್ಲ, ನಿನ್ನೆ ರಾತ್ರಿ ಅವರೊಬ್ಬರೇ ಕೂತು ಉಂಡದ್ದು. ನಮ್ಮಮ್ಮನದ್ದು ಮಧ್ಯಾಹ್ನದ ಅನ್ನ, ಮಜ್ಜಿಗೆ, ಒಂದು ಮಿಡಿ ಉಪ್ಪಿನಕಾಯಿ. ಒಬ್ಬಳಿಗೆ ಅಂತ ಒಲೆ ಹಚ್ಚಲು ಬೇಜಾರಂತೆ.